ನಮ್ಮ ಮಗ ಅಲ್ಲಿ ಪರದೇಶಿ, ಅವರ ಮಗ ಇಲ್ಲಿ ಪರದೇಶಿ

ಕನ್ನಡದಲ್ಲಿ ‘ಪರದೇಶಿ’ ಎಂಬ ಮಾತಿಗೆ ಎರಡು ಅರ್ಥ. ಬೇರೆ ದೇಶದವನು ಅನ್ನುವುದು ಒಂದು. ಹೇಳುವವರು ಕೇಳುವವರು ಇಲ್ಲದವನು ಅನ್ನುವುದು ಇನ್ನೊಂದು. ಅಪ್ಪ ಅಮ್ಮನನ್ನು ಕಳೆದುಕೊಂಡ ಮಗುವನ್ನು ನೋಡಿ ‘ಅಯ್ಯೋ, ಪರದೇಶಿ ಆಯ್ತಲ್ಲ’ ಎಂದು ಹಳ್ಳಿಯಲ್ಲಿ ಈಗಲೂ ಮರುಗುತ್ತಾರೆ. ಊರು ಬಿಟ್ಟವನಿಗೆ ದಿಕ್ಕಿಲ್ಲ ಎಂಬುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಅದಕ್ಕೇ ಎರಡಕ್ಕೂ ಒಂದೇ ಮಾತು ಬಳಸಿದರು. ಆ ಮಾತಿನಲ್ಲಿ ತಿರಸ್ಕಾರ ಇರಲಿಲ್ಲ, ಮರುಕ ಇತ್ತು.

ಆ ಮರುಕ ಈಗ ಎಲ್ಲಿದೆ? ಕೆಂಗೇರಿ, ವಿಜಯನಗರ, ಬಸವೇಶ್ವರನಗರ, ರಾಜಾಜಿನಗರದ ಕಡೆ ಓದಲು ಬಂದಿರುವ ವಿದೇಶಿ ಹುಡುಗ ಹುಡುಗಿಯರನ್ನು ನಾವು ಮನುಷ್ಯರಂತೆ ನಡೆಸಿಕೊಳ್ಳುತ್ತಿದ್ದೇವೆಯೇ? ಇಲ್ಲ ಅನ್ನುವುದು ನನ್ನ ಉತ್ತರ. ನಾವು ಅವರನ್ನು ಹಣದ ಚೀಲದಂತೆ ನೋಡುತ್ತೇವೆ, ಇಲ್ಲವೇ ಕಳ್ಳರಂತೆ ನೋಡುತ್ತೇವೆ. ಬಹಳ ಸಲ ಎರಡೂ ಒಟ್ಟಿಗೇ.

‘ಬೆಂಗಳೂರಿನ ಬಾಡಿಗೆ ಮನೆ ಜಗಳ ಹಳ್ಳಿಯಲ್ಲಿ ಕೂತಿರುವ ನಮಗೆ ಯಾಕಪ್ಪಾ’ ಎಂದು ನೀವು ಕೇಳಬಹುದು. ಕಾರಣ ಎರಡಿವೆ.

ಮೊದಲನೆಯದು, ಆ ಮನೆ ಮಾಲೀಕರು ನಮ್ಮವರೇ. ಕೆಂಗೇರಿ, ನಾಗದೇವನಹಳ್ಳಿ, ಉಲ್ಲಾಳ, ಮಲ್ಲತ್ತಹಳ್ಳಿ ಇವೆಲ್ಲ ಮೊನ್ನೆ ಮೊನ್ನೆಯವರೆಗೂ ಹಳ್ಳಿಗಳು. ರಾಗಿ ಹೊಲ ಸೈಟಾಯಿತು, ಸೈಟಿನಲ್ಲಿ ಮೂರು ಮಹಡಿ ಎದ್ದಿತು. ಮೇಲಿನ ಎರಡು ಮಹಡಿ ಬಾಡಿಗೆಗೆ. ಮಾಗಡಿ ಕಡೆಯಿಂದ, ಕುಣಿಗಲ್ ಕಡೆಯಿಂದ ಹೋಗಿ ಮನೆ ಕಟ್ಟಿಸಿದವರೂ ಅಲ್ಲಿದ್ದಾರೆ. ನಮ್ಮಲ್ಲಿ ಎಷ್ಟೋ ಜನರಿಗೆ ಅಲ್ಲೊಬ್ಬ ಮಾವನೋ ಚಿಕ್ಕಪ್ಪನೋ ಭಾವನೋ ಇದ್ದೇ ಇರುತ್ತಾನೆ. ವಿದೇಶಿ ಹುಡುಗನ ಕೈಯಿಂದ ಬಾಡಿಗೆ ಎಣಿಸಿಕೊಳ್ಳುವ ಕೈ ಒಂದು ಕಾಲಕ್ಕೆ ನೇಗಿಲು ಹಿಡಿದ ಕೈ.

ಎರಡನೆಯದು, ನಮ್ಮ ಮಕ್ಕಳೂ ಹೊರದೇಶಕ್ಕೆ ಹೋಗುತ್ತಿದ್ದಾರೆ. ಕೇಂದ್ರ ಸರ್ಕಾರ 2024ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಹೊರದೇಶಗಳಲ್ಲಿ ಓದುತ್ತಿರುವ ಭಾರತೀಯರು 13 ಲಕ್ಷಕ್ಕೂ ಹೆಚ್ಚು. ಭಾರತಕ್ಕೆ ಓದಲು ಬಂದಿರುವವರು ಎಷ್ಟು? 2019-20ರ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ ಆ ಸಂಖ್ಯೆ 50 ಸಾವಿರವನ್ನೂ ಮುಟ್ಟಿರಲಿಲ್ಲ. ಅದರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಕರ್ನಾಟಕದಲ್ಲೇ ಇದ್ದರು, ದೇಶದಲ್ಲೇ ನಾವು ಮೊದಲು. ಲೆಕ್ಕ ನೋಡಿ. ನಮ್ಮ ಮನೆ ಬಾಗಿಲಿಗೆ ಬಂದವರು ಕೆಲವು ಸಾವಿರ. ಬೇರೆಯವರ ಮನೆ ಬಾಗಿಲಲ್ಲಿ ನಿಂತಿರುವ ನಮ್ಮವರು ಲಕ್ಷಗಟ್ಟಲೆ. ಪರದೇಶಿಯನ್ನು ಹೀಗೇ ನಡೆಸಿಕೊಳ್ಳಬೇಕು ಎಂಬ ಪದ್ಧತಿ ಜಗತ್ತಿನಲ್ಲಿ ಬೆಳೆದರೆ ಹೆಚ್ಚು ಅಳುವವರು ಯಾರು? ನಾವೇ.

ಈಗ ಆ ಹುಡುಗನ ದಿನ ಹೇಗಿರುತ್ತದೆ ನೋಡೋಣ. ಸುಡಾನ್, ಕಾಂಗೊ, ಯೆಮೆನ್, ಅಫ್ಘಾನಿಸ್ತಾನ, ಯಾವುದೇ ದೇಶ ಅಂದುಕೊಳ್ಳಿ. ಮೊದಲ ಕೆಲಸ ಮನೆ ಹುಡುಕುವುದು. ‘ಟು ಲೆಟ್’ ಬೋರ್ಡ್ ನೋಡಿ ಫೋನ್ ಮಾಡಿದರೆ ಮನೆ ಖಾಲಿ ಇರುತ್ತದೆ. ಬಂದು ಗೇಟಿನ ಮುಂದೆ ನಿಂತರೆ ಭರ್ತಿ ಆಗಿಬಿಡುತ್ತದೆ. ಮುಖ ನೋಡಿದ ಮೇಲೂ ಕೊಡುವವರು ಇದ್ದಾರೆ, ಆದರೆ ಪಕ್ಕದ ಮನೆಯ ಬಾಡಿಗೆಗಿಂತ ಎರಡು ಮೂರು ಸಾವಿರ ಜಾಸ್ತಿ. ‘ಅವರಿಗೇನು, ಡಾಲರಲ್ಲಿ ಬರುತ್ತೆ’ ಅನ್ನುವ ಮಾತನ್ನು ಕೆಂಗೇರಿ ಉಪನಗರದ ಟೀ ಅಂಗಡಿಯಲ್ಲಿ ನಾನೇ ಕೇಳಿದ್ದೇನೆ.

ಡಾಲರಿನ ಕಥೆ ಹೇಳುತ್ತೇನೆ. ಭಾರತದ ವಿದ್ಯಾರ್ಥಿ ವೀಸಾದಲ್ಲಿ ಬಂದವರು ಇಲ್ಲಿ ಕೆಲಸಕ್ಕೆ ಸೇರಿ ಸಂಪಾದಿಸುವಂತಿಲ್ಲ. ನಮ್ಮ ಹುಡುಗರು ಇಂಗ್ಲೆಂಡಿಗೆ ಹೋದರೆ ಕಾಲೇಜು ನಡೆಯುವಾಗ ವಾರಕ್ಕೆ 20 ಗಂಟೆ, ಕೆನಡಾದಲ್ಲಿ 24 ಗಂಟೆ, ಆಸ್ಟ್ರೇಲಿಯಾದಲ್ಲಿ ಹದಿನೈದು ದಿನಕ್ಕೆ 48 ಗಂಟೆ ದುಡಿಯಬಹುದು. ಹೋಟೆಲಲ್ಲಿ ತಟ್ಟೆ ತೊಳೆದೋ, ಅಂಗಡಿಯಲ್ಲಿ ಬಿಲ್ ಹಾಕಿಯೋ ಬಾಡಿಗೆ ಕಟ್ಟುತ್ತಾರೆ. ಇಲ್ಲಿರುವ ಆಫ್ರಿಕಾದ ಹುಡುಗನಿಗೆ ಆ ದಾರಿಯೂ ಇಲ್ಲ. ಊರಿಂದ ಬರುವ ದುಡ್ಡೇ ಗತಿ. ಊರಲ್ಲಿ ಯುದ್ಧ ಶುರುವಾದರೆ, ಬ್ಯಾಂಕ್ ಮುಚ್ಚಿದರೆ, ಅಲ್ಲಿನ ನೋಟಿನ ಬೆಲೆ ಬಿದ್ದರೆ ಇಲ್ಲಿ ಒಲೆ ಹತ್ತುವುದಿಲ್ಲ. ಸುಡಾನಿನಲ್ಲಿ 2023ರ ಏಪ್ರಿಲ್‌ನಲ್ಲಿ ಯುದ್ಧ ಶುರುವಾಯಿತು. ಅಲ್ಲಿಂದ ಬಂದು ಇಲ್ಲಿ ಓದುತ್ತಿದ್ದವರ ಗತಿ ಏನಾಗಿರಬೇಕು, ನೀವೇ ಯೋಚಿಸಿ.

ಭಾರತ ಸರ್ಕಾರವೇ ವಿದ್ಯಾರ್ಥಿವೇತನ ಕೊಟ್ಟು ಕರೆಸಿಕೊಂಡವರೂ ಇದ್ದಾರೆ. 1950ರಲ್ಲಿ ಶುರುವಾದ ಭಾರತೀಯ ಸಾಂಸ್ಕೃತಿಕ ಸಂಬಂಧ ಪರಿಷತ್ತು, ಅಂದರೆ ಐಸಿಸಿಆರ್, ಈ ಕೆಲಸ ಮಾಡುತ್ತದೆ. ಈಚಿನ ವರ್ಷಗಳ ಅದರ ನಿಯಮದಲ್ಲಿ ಪದವಿ ವಿದ್ಯಾರ್ಥಿಗೆ ತಿಂಗಳ ಖರ್ಚಿಗೆ 18 ಸಾವಿರ, ದೊಡ್ಡ ನಗರದಲ್ಲಿ ಮನೆ ಬಾಡಿಗೆಗೆ 6,500 ರೂಪಾಯಿ. ಕೆಂಗೇರಿಯಲ್ಲಿ 6,500ಕ್ಕೆ ಒಂದು ಹಾಲು, ಒಂದು ಅಡುಗೆಮನೆ ಇರುವ ಮನೆ ಸಿಗುತ್ತದಾ? ನಿಮ್ಮ ಭಾವನನ್ನೇ ಕೇಳಿ.

ಅದರ ಮೇಲೆ ಬೆಂಗಳೂರಿನ ಅಡ್ವಾನ್ಸ್ ಪದ್ಧತಿ. ಹತ್ತು ತಿಂಗಳ ಬಾಡಿಗೆ ಮುಂಗಡ. ಬಾಡಿಗೆ 12 ಸಾವಿರ ಅಂದರೆ ಅಡ್ವಾನ್ಸ್ 1 ಲಕ್ಷ 20 ಸಾವಿರ. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿ ರಾಜ್ಯಗಳಿಗೆ ಕಳಿಸಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಬೇಡ ಎಂದಿದೆ. ಅದು ಮಾದರಿ ಅಷ್ಟೇ, ನಮ್ಮ ಬೀದಿಗೆ ಅದು ಇಳಿದಿಲ್ಲ. ಓದು ಮುಗಿಸಿ ಊರಿಗೆ ಹೊರಡುವ ದಿನ ಆ ಅಡ್ವಾನ್ಸ್ ವಾಪಸ್ ಬರುತ್ತದಾ? ಬಣ್ಣಕ್ಕೆ ಇಷ್ಟು, ನಲ್ಲಿಗೆ ಇಷ್ಟು, ಗೋಡೆಯ ಮೊಳೆಗೆ ಇಷ್ಟು ಎಂದು ಮುರಿದುಕೊಳ್ಳುತ್ತಾರೆ. ವಿಮಾನದ ಟಿಕೆಟ್ ಕೈಯಲ್ಲಿ ಹಿಡಿದವನು ಜಗಳಕ್ಕೆ ನಿಲ್ಲುವುದಿಲ್ಲ ಎಂದು ಮಾಲೀಕನಿಗೆ ಗೊತ್ತು.

ಇನ್ನು ಕಾಗದದ ವಿಷಯಕ್ಕೆ ಬರೋಣ. ಈ ಇಡೀ ಅನ್ಯಾಯದ ಬೇರು ಅಲ್ಲಿದೆ. ಆರು ತಿಂಗಳಿಗಿಂತ ಹೆಚ್ಚಿನ ವಿದ್ಯಾರ್ಥಿ ವೀಸಾದಲ್ಲಿ ಬಂದವರು ಭಾರತಕ್ಕೆ ಕಾಲಿಟ್ಟ 14 ದಿನದೊಳಗೆ ಎಫ್‌ಆರ್‌ಆರ್‌ಒ ಎಂಬ ವಿದೇಶಿಯರ ನೋಂದಣಿ ಕಚೇರಿಯಲ್ಲಿ ಹೆಸರು ದಾಖಲಿಸಬೇಕು. ಈಗ ಅದು ಆನ್‌ಲೈನ್. ಅದಕ್ಕೆ ಕಾಲೇಜಿನ ಬೋನಾಫೈಡ್ ಪತ್ರ ಬೇಕು, ವಾಸದ ಪುರಾವೆ ಬೇಕು. ವಾಸದ ಪುರಾವೆ ಅಂದರೆ ಬಾಡಿಗೆ ಕರಾರು ಅಥವಾ ಮಾಲೀಕ ಸಲ್ಲಿಸಿದ ‘ಫಾರ್ಮ್ ಸಿ’. ವಿದೇಶಿಯರನ್ನು ಮನೆಯಲ್ಲಿ ಇಟ್ಟುಕೊಂಡವರು 24 ಗಂಟೆಯೊಳಗೆ ಈ ಫಾರ್ಮ್ ತುಂಬಬೇಕು. ಇದು ಮಾಲೀಕನ ಕರ್ತವ್ಯ, ಹುಡುಗನದಲ್ಲ. 2025ರ ಸೆಪ್ಟೆಂಬರ್ 1ರಿಂದ ವಿದೇಶಿಯರ ಬಗ್ಗೆ ಹೊಸ ಕಾಯ್ದೆಯೇ ಬಂದಿದೆ. ಅದರಲ್ಲೂ ಮನೆ ಕೊಟ್ಟವರ, ಕಾಲೇಜಿನವರ ಹೊಣೆ ಹಾಗೇ ಉಳಿದಿದೆ.

ನಡೆಯುವುದೇನು? ಬಾಡಿಗೆ ನಗದಿನಲ್ಲಿ ಬೇಕು, ಕರಾರು ಪತ್ರ ಬೇಡ. ಕರಾರು ಮಾಡಿದರೆ ಆದಾಯ ತೆರಿಗೆಯವರು ಕೇಳುತ್ತಾರೆ ಎಂಬ ಭಯ. ಫಾರ್ಮ್ ಸಿ ಅಂದರೆ ‘ಅದೆಲ್ಲಾ ನಮಗೆ ಗೊತ್ತಿಲ್ಲ, ಪೊಲೀಸ್ ಸ್ಟೇಷನ್ ಸಹವಾಸ ಬೇಡ’. ಹುಡುಗನ ಹತ್ತಿರ ವಾಸದ ಕಾಗದ ಇಲ್ಲ, ನೋಂದಣಿ ತಡವಾಗುತ್ತದೆ, ವೀಸಾ ವಿಸ್ತರಣೆ ಸಿಕ್ಕಿಹಾಕಿಕೊಳ್ಳುತ್ತದೆ. ಶುಲ್ಕ ಬಾಕಿ ಇದ್ದರೆ ಕಾಲೇಜು ಬೋನಾಫೈಡ್ ಕೊಡಲು ಸತಾಯಿಸುತ್ತದೆ. ಒಂದು ದಿನ ಆತ ‘ಅಕ್ರಮ ವಾಸಿ’ ಆಗಿಬಿಡುತ್ತಾನೆ. ಆಗ ಅದೇ ಮಾಲೀಕ, ಅದೇ ಬೀದಿ ಟಿವಿ ಮುಂದೆ ಕೂತು ಹೇಳುತ್ತದೆ: ‘ನೋಡಿ, ಈ ಫಾರಿನ್ನೋರು ಕಾನೂನೇ ಪಾಲಿಸಲ್ಲ.’ ಕಾನೂನು ಮೊದಲು ಮುರಿದವರು ಯಾರು ಸ್ವಾಮಿ?

ನಿಜ, ವೀಸಾ ಮುಗಿದರೂ ಬೇಕೆಂದೇ ಉಳಿದವರು ಇದ್ದಾರೆ. ಡ್ರಗ್ಸ್ ಕೇಸಿನಲ್ಲಿ ಸಿಕ್ಕವರೂ ಇದ್ದಾರೆ. ನಾನು ಅದನ್ನು ಮುಚ್ಚಿಡುವುದಿಲ್ಲ. ಜಿಲ್ಲಾ ಸುದ್ದಿ ಬರೆಯುವ ನನಗೆ ಪೊಲೀಸರ ಪ್ರಕಟಣೆ ವಾರಕ್ಕೆ ಎರಡು ಬರುತ್ತದೆ. ಗಾಂಜಾ ಕೇಸಿನಲ್ಲಿ ಸಿಕ್ಕಿಬೀಳುವವರಲ್ಲಿ ನಮ್ಮ ತಾಲ್ಲೂಕಿನ ಹುಡುಗರೂ ಇರುತ್ತಾರೆ. ಅದನ್ನು ಓದಿ ‘ಆ ತಾಲ್ಲೂಕಿನ ಯಾರಿಗೂ ಬೆಂಗಳೂರಲ್ಲಿ ಮನೆ ಕೊಡಬೇಡಿ’ ಎಂದರೆ ನಾವು ಸುಮ್ಮನಿರುತ್ತೇವಾ? ತಪ್ಪು ಮಾಡಿದವನ ಹೆಸರು ಬರೆದುಕೊಳ್ಳಿ, ಅವನನ್ನು ಹಿಡಿಯಿರಿ, ಕೋರ್ಟಿಗೆ ಕೊಡಿ. ಚರ್ಮದ ಬಣ್ಣದ ಮೇಲೆ ಎಫ್‌ಐಆರ್ ಹಾಕಬೇಡಿ.

ಬಣ್ಣ ಎಂದಾಗ ಇನ್ನೊಂದು ಮಾತು. ಎಲ್ಲ ವಿದೇಶಿಯರಿಗೂ ನಾವು ಹೀಗೆ ಮಾಡುವುದಿಲ್ಲ. ಬಿಳಿ ಚರ್ಮದವರು ಬಂದರೆ ಮನೆಗೆ ಕರೆದು ಕಾಫಿ ಕೊಟ್ಟು ಸೆಲ್ಫಿ ತೆಗೆಸಿಕೊಳ್ಳುತ್ತೇವೆ. ಕಪ್ಪು ಹುಡುಗ ಮೆಟ್ರೊ ಹತ್ತಿದರೆ ಪಕ್ಕದ ಸೀಟು ಖಾಲಿ ಇರುತ್ತದೆ. 2021ರಲ್ಲಿ ಕೆಂಗೇರಿಯವರೆಗೆ ಮೆಟ್ರೊ ಬಂದ ಮೇಲೆ ನಾನು ಆ ದಾರಿಯಲ್ಲಿ ಆಗಾಗ ಓಡಾಡುತ್ತೇನೆ, ಆ ಖಾಲಿ ಸೀಟನ್ನು ಹಲವು ಸಲ ನೋಡಿದ್ದೇನೆ. ನಿಂತುಕೊಂಡೇ ವಿಜಯನಗರದವರೆಗೆ ಹೋಗುತ್ತಾರೆ, ಆ ಸೀಟಿನಲ್ಲಿ ಕೂರುವುದಿಲ್ಲ. ನಾವೇನು ಹಾಲಿನಲ್ಲಿ ಅದ್ದಿ ತೆಗೆದವರಾ?

ಕಪ್ಪು ಎಂದರೆ ಹೊರಗಿನವರು ಎಂದುಕೊಂಡವರಿಗೆ ಕರ್ನಾಟಕವೇ ಗೊತ್ತಿಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆ ಸಿದ್ದಿ ಜನ ಇದ್ದಾರೆ. ಅವರ ಪೂರ್ವಿಕರು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರು, ಬಹಳಷ್ಟು ಜನ ಗುಲಾಮರಾಗಿ ತರಲ್ಪಟ್ಟವರು. ಅವರು ಕನ್ನಡ, ಕೊಂಕಣಿ ಮಾತಾಡುವ ನಮ್ಮ ಜನ, 2003ರಿಂದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದ್ದಾರೆ. ಆ ಸಮುದಾಯದ ಶಾಂತಾರಾಮ ಸಿದ್ದಿ 2020ರಲ್ಲಿ ವಿಧಾನ ಪರಿಷತ್ತಿನ ಸದಸ್ಯರಾದರು. ಆ ಕಡೆಯ ಹುಡುಗನೊಬ್ಬ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದರೆ ‘ಯಾವ ದೇಶ?’ ಎಂದು ಇಂಗ್ಲಿಷಿನಲ್ಲಿ ಕೇಳುತ್ತಾರೆ. ಅವನು ಕನ್ನಡದಲ್ಲೇ ಉತ್ತರ ಕೊಟ್ಟರೂ ನಂಬುವುದಿಲ್ಲ.

ಈ ಮನಸ್ಸು ಕೊನೆಗೆ ಎಲ್ಲಿ ಮುಟ್ಟುತ್ತದೆ ಎಂಬುದನ್ನು ನಾವು ಕಂಡಿದ್ದೇವೆ. 2016ರ ಜನವರಿ 31ರ ರಾತ್ರಿ ಹೆಸರಘಟ್ಟ ರಸ್ತೆಯಲ್ಲಿ ಸುಡಾನಿನ ಯುವಕನೊಬ್ಬ ಓಡಿಸುತ್ತಿದ್ದ ಕಾರು ಗುದ್ದಿ ಸ್ಥಳೀಯ ಮಹಿಳೆಯೊಬ್ಬರು ಸತ್ತರು. ಅದು ದೊಡ್ಡ ನೋವು, ಆ ಕುಟುಂಬದ ಸಿಟ್ಟು ನ್ಯಾಯವಾದದ್ದು. ಆದರೆ ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬೇರೊಂದು ಕಾರಿನಲ್ಲಿ ತಾಂಜಾನಿಯಾದ 21 ವರ್ಷದ ವಿದ್ಯಾರ್ಥಿನಿಯೊಬ್ಬಳು ಗೆಳೆಯರ ಜೊತೆ ಬಂದಳು. ಅಪಘಾತಕ್ಕೂ ಅವಳಿಗೂ ಸಂಬಂಧ ಇರಲಿಲ್ಲ, ಅವಳ ದೇಶವೂ ಬೇರೆ. ಗುಂಪು ಅವಳನ್ನು ಹೊಡೆಯಿತು, ಬಟ್ಟೆ ಹರಿಯಿತು, ಕಾರಿಗೆ ಬೆಂಕಿ ಹಚ್ಚಿತು. ಓಡಿಹೋಗಿ ಬಸ್ ಹತ್ತಿದರೆ ಬಸ್ಸಿನಲ್ಲಿದ್ದವರು ಹೊರಕ್ಕೆ ತಳ್ಳಿದರು ಎಂದು ಅವಳು ಹೇಳಿದಳು. ಆಮೇಲೆ ಬಂಧನಗಳಾದವು, ಪೊಲೀಸ್ ಸಿಬ್ಬಂದಿಯ ಅಮಾನತೂ ಆಯಿತು. ಅಂದಿನ ಗೃಹ ಸಚಿವರು ಇದು ಜನಾಂಗೀಯ ದಾಳಿ ಅಲ್ಲ, ಅಪಘಾತಕ್ಕೆ ಬಂದ ಪ್ರತಿಕ್ರಿಯೆ ಎಂದರು. ಸುಡಾನಿನವನು ಮಾಡಿದ ಅಪಘಾತಕ್ಕೆ ತಾಂಜಾನಿಯಾದ ಹುಡುಗಿಗೆ ಹೊಡೆದರೆ ಅದನ್ನು ಇನ್ನೇನೆಂದು ಕರೆಯಬೇಕು? ತುಮಕೂರಿನವನು ಮಾಡಿದ ತಪ್ಪಿಗೆ ಬಳ್ಳಾರಿಯವನನ್ನು ಹೊಡೆದರೆ ‘ಪ್ರತಿಕ್ರಿಯೆ’ ಅನ್ನುತ್ತೀರಾ?

ಹೆಸರಘಟ್ಟ ರಸ್ತೆ ಕೆಂಗೇರಿಯಿಂದ ದೂರ, ನಿಜ. ಆದರೆ ಗೇಟಿನ ಮುಂದೆ ಮುಖ ನೋಡಿ ‘ಮನೆ ಭರ್ತಿ’ ಎನ್ನುವುದಕ್ಕೂ ಬಸ್ಸಿನಿಂದ ಹೊರಕ್ಕೆ ತಳ್ಳುವುದಕ್ಕೂ ಬಹಳ ದೂರ ಇಲ್ಲ.

ಈಗ ಚಿತ್ರವನ್ನು ತಿರುಗಿಸಿ ಹಿಡಿಯೋಣ. 2009ರಲ್ಲಿ ಮೆಲ್ಬರ್ನ್‌ನಲ್ಲಿ ಭಾರತೀಯ ವಿದ್ಯಾರ್ಥಿಗಳ ಮೇಲೆ ಒಂದರ ಮೇಲೊಂದು ದಾಳಿ ಆದಾಗ ನಮ್ಮ ಟಿವಿಗಳು ತಿಂಗಳುಗಟ್ಟಲೆ ಕೂಗಿದವು. 2010ರ ಜನವರಿಯಲ್ಲಿ 21 ವರ್ಷದ ಪಂಜಾಬಿ ಯುವಕನನ್ನು ಅಲ್ಲಿ ಇರಿದು ಕೊಂದರು. ಅಲ್ಲಿಯ ಪೊಲೀಸರು ಆ ದಾಳಿಗಳನ್ನು ಜನಾಂಗೀಯ ಅನ್ನಲು ಹಿಂದೇಟು ಹಾಕಿದಾಗ ನಮಗೆ ಎಷ್ಟು ಸಿಟ್ಟು ಬಂತು! ಆ ಸಿಟ್ಟು ಸರಿ. ಆರೇ ವರ್ಷದ ನಂತರ ನಮ್ಮ ಸಚಿವರೂ ಅದೇ ಮಾತು ಆಡಿದಾಗ ಆ ಸಿಟ್ಟು ಎಲ್ಲಿ ಹೋಗಿತ್ತು?

ಹಾವೇರಿ ಜಿಲ್ಲೆಯ ಚಳಗೇರಿಯ ನವೀನ್ ಗ್ಯಾನಗೌಡರ್ ಅವರನ್ನು ನಾವು ಮರೆತಿಲ್ಲ. ಖಾರ್ಕಿವ್‌ನಲ್ಲಿ ಮೆಡಿಕಲ್ ಓದುತ್ತಿದ್ದ ಹುಡುಗ. 2022ರ ಮಾರ್ಚ್ 1ರಂದು ತಿನ್ನುವ ಸಾಮಾನು ತರಲು ಹೊರಗೆ ಹೋಗಿದ್ದಾಗ ದಾಳಿಗೆ ಸಿಕ್ಕಿ ತೀರಿಕೊಂಡ. ದೇಹ ಊರು ಸೇರಿದ್ದು ಮಾರ್ಚ್ 21ಕ್ಕೆ. ಆ ಮಗನ ದೇಹವನ್ನು ಹೆತ್ತವರು ದಾವಣಗೆರೆಯ ಮೆಡಿಕಲ್ ಕಾಲೇಜಿಗೆ ದಾನ ಕೊಟ್ಟರು. ಅವೇ ದಿನಗಳಲ್ಲಿ ಉಕ್ರೇನಿನ ಗಡಿಯಲ್ಲಿ ಏನಾಯಿತು ನೆನಪಿದೆಯಾ? ರೈಲು ಹತ್ತಲು ಬಿಡದೆ, ಗಡಿ ದಾಟಲು ಬಿಡದೆ ಹಿಂದಕ್ಕೆ ತಳ್ಳಿದರು ಎಂದು ನಮ್ಮ ಹುಡುಗರು ವಿಡಿಯೊ ಮಾಡಿ ಅತ್ತರು. ಆ ಸಾಲಿನಲ್ಲಿ ನಮ್ಮವರ ಪಕ್ಕ ನಿಂತು ಅದೇ ಮಾತು ಹೇಳಿದವರು ಯಾರು? ನೈಜೀರಿಯಾದವರು, ಘಾನಾದವರು. ಗಡಿಯ ಕಾವಲುಗಾರನ ಕಣ್ಣಿಗೆ ನಮ್ಮವರೂ ಅವರೂ ಬೇರೆ ಬೇರೆಯಾಗಿ ಕಾಣಲಿಲ್ಲ. ಕೆಂಗೇರಿಯ ಮಾಲೀಕನಿಗೆ ಮಾತ್ರ ತಾನು ಬಿಳಿಯರ ಕಡೆಯವನು ಎಂಬ ಭ್ರಮೆ.

ಹಳ್ಳಿಯ ಓದುಗರೇ, ಈ ಅವಮಾನ ನಿಮಗೆ ಹೊಸದಲ್ಲ. ನಿಮ್ಮ ಮಗ ಡಿಪ್ಲೊಮಾ ಓದಲು ರಾಜಾಜಿನಗರಕ್ಕೆ ಹೋಗಿ ಮನೆ ಕೇಳಿದಾಗ ಮೊದಲ ಪ್ರಶ್ನೆ ಯಾವುದು? ‘ನಿಮ್ಮದು ಯಾವ ಜನ? ವೆಜ್ಜಾ, ನಾನ್‌ವೆಜ್ಜಾ?’ ಉತ್ತರ ಕೇಳಿ ‘ಮನೆಯವರನ್ನ ಕೇಳಿ ಹೇಳ್ತೀನಿ’ ಎಂದವರು ಮತ್ತೆ ಫೋನ್ ಎತ್ತುವುದಿಲ್ಲ. ದಲಿತರ ಹುಡುಗನಿಗೆ, ಮುಸ್ಲಿಮರ ಹುಡುಗಿಗೆ, ಮಾಂಸ ತಿನ್ನುವವರಿಗೆ ಮುಚ್ಚುವ ಬಾಗಿಲೇ ಆಫ್ರಿಕಾದವರಿಗೂ ಮುಚ್ಚುವುದು. ಬಾಗಿಲು ಒಂದೇ, ಚಿಲಕವೂ ಒಂದೇ. ಅದನ್ನು ತೆಗೆಸಬೇಕಾದರೆ ನಮ್ಮವರಿಗೊಂದು ನ್ಯಾಯ, ಅವರಿಗೊಂದು ನ್ಯಾಯ ಎಂದರೆ ಆಗುವುದಿಲ್ಲ.

ಆ ಬಡಾವಣೆಗಳ ಹೆಸರನ್ನಾದರೂ ನೋಡಿ. ಬಂದವನ ಕುಲ ವಿಚಾರಿಸಬೇಡಿ ಎಂದ ಬಸವಣ್ಣನ ಹೆಸರು ಒಂದಕ್ಕೆ. ಪೋರ್ಚುಗಲ್, ಪರ್ಷಿಯಾದ ಪ್ರವಾಸಿಗಳು ಬಂದು ಬೆರಗಾಗಿ ಬರೆದಿಟ್ಟ ಸಾಮ್ರಾಜ್ಯದ ಹೆಸರು ಇನ್ನೊಂದಕ್ಕೆ. ಹೊಸೂರಿನ ಕಡೆಯಿಂದ ಬಂದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ರಾಜಾಜಿಯ ಹೆಸರು ಮತ್ತೊಂದಕ್ಕೆ. ಬೋರ್ಡಿನಲ್ಲಿ ಬಸವೇಶ್ವರ, ಬಾಗಿಲಲ್ಲಿ ‘ಯಾವ ಜನ?’. ಇದಕ್ಕಿಂತ ನಾಚಿಕೆ ಬೇಕಾ?

ನಮ್ಮ ನಾಡಿನಲ್ಲಿ ಓದಲು ಬಂದ ಹುಡುಗನಿಗೆ ಅನ್ನ ಹಾಕುವ ಪದ್ಧತಿ ಇತ್ತು. ಅದಕ್ಕೆ ವಾರಾನ್ನ ಅನ್ನುತ್ತಿದ್ದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಅದರಲ್ಲಿ ಜಾತಿ ಇತ್ತು, ಎಲ್ಲರಿಗೂ ಸಿಗುತ್ತಿರಲಿಲ್ಲ, ಸುಳ್ಳು ಹೇಳುವುದು ಬೇಡ. ಆ ಕೊರತೆಯನ್ನು ತುಂಬಿದ್ದು ಸಿದ್ಧಗಂಗೆಯಂಥ ಮಠಗಳು, ಸರ್ಕಾರಿ ಹಾಸ್ಟೆಲುಗಳು. ಎಷ್ಟು ದೂರದಿಂದ ಬಂದರೂ ಓದುವ ಹುಡುಗ ಹಸಿದಿರಬಾರದು ಎಂಬ ಮಾತು ನಮಗೆ ಯಾರೂ ಹೊರಗಿನಿಂದ ಕಲಿಸಬೇಕಾಗಿಲ್ಲ. ಇವತ್ತಿಗೂ ಹಾಗೆ ಬದುಕುವವರು ಇದ್ದಾರೆ. ಡೆಂಗಿ ಬಂದು ಮಲಗಿದ್ದಾಗ ಪಕ್ಕದ ಮನೆಯ ಆಂಟಿ ವಾರವಿಡೀ ಗಂಜಿ, ತಿಳಿಸಾರು ಕೊಟ್ಟರು ಎಂದು ಉಲ್ಲಾಳದ ಬಳಿ ಇರುವ ಸುಡಾನಿನ ವಿದ್ಯಾರ್ಥಿಯೊಬ್ಬ ನನಗೆ ಹೇಳಿದ. ಅವನಿಗೆ ಬಂದ ಮೊದಲ ಕನ್ನಡ ಮಾತು ‘ಊಟ ಆಯ್ತಾ’. ಆ ಆಂಟಿಯೂ ಕೆಂಗೇರಿಯವರೇ. ಅವರಿಂದ ಆದದ್ದು ಉಳಿದವರಿಂದ ಯಾಕೆ ಆಗುವುದಿಲ್ಲ?

ಕಾಲೇಜುಗಳೂ ಸುಮ್ಮನೆ ಕೈತೊಳೆದುಕೊಳ್ಳುವಂತಿಲ್ಲ. ವಿದೇಶಿ ವಿದ್ಯಾರ್ಥಿ ಎಂದು ಹೆಚ್ಚು ಶುಲ್ಕ ತೆಗೆದುಕೊಳ್ಳುವವರು ಹಾಸ್ಟೆಲ್ ಕೊಡಬೇಕು. ಕೊಡಲಾಗದಿದ್ದರೆ ಮನೆ ಹುಡುಕಿ ಕರಾರು ಮಾಡಿಸುವವರೆಗೆ ಜೊತೆಗೆ ನಿಲ್ಲಬೇಕು. ರಾತ್ರಿ ಹತ್ತಕ್ಕೆ ಫೋನ್ ಮಾಡಿದರೆ ಎತ್ತುವ ಒಬ್ಬ ಮನುಷ್ಯ ಇರಬೇಕು. ಬಂದ ಮೊದಲ ತಿಂಗಳೇ ಬಸ್ಸಿಗೆ, ಅಂಗಡಿಗೆ, ಆಸ್ಪತ್ರೆಗೆ ಬೇಕಾಗುವಷ್ಟು ಕನ್ನಡ ಕಲಿಸಬೇಕು. ಇನ್ನು ಪೊಲೀಸರು: ದೂರು ಕೊಡಲು ಬಂದವರ ವೀಸಾ ಆಮೇಲೆ ನೋಡಿ, ಮೊದಲು ದೂರು ಬರೆದುಕೊಳ್ಳಿ.

ಆದರೆ ಸರ್ಕಾರ, ಕಾಲೇಜು, ಪೊಲೀಸ್ ಎಂದು ಬೆರಳು ತೋರಿಸಿ ನಾವು ತಪ್ಪಿಸಿಕೊಳ್ಳುವುದು ಬೇಡ. ಬಾಡಿಗೆ ಮನೆಯ ಬೀಗದ ಕೈ ನಮ್ಮವರ ಸೊಂಟದಲ್ಲಿದೆ. ನಿಮ್ಮ ಮಾವ, ಚಿಕ್ಕಪ್ಪ, ಭಾವ ಯಾರಾದರೂ ಕೆಂಗೇರಿಯಲ್ಲೋ ನಾಗರಭಾವಿಯಲ್ಲೋ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರೆ ಇವತ್ತು ಸಂಜೆ ಒಂದು ಫೋನ್ ಮಾಡಿ. ನಾಲ್ಕೇ ಮಾತು ಹೇಳಿ. ಪಕ್ಕದ ಮನೆಗೆ ಎಷ್ಟು ಬಾಡಿಗೆಯೋ ಅವನಿಗೂ ಅಷ್ಟೇ ತಗೊಳ್ಳಿ. ಕರಾರು ಪತ್ರ ಮಾಡಿಕೊಡಿ, ಫಾರ್ಮ್ ಸಿ ತುಂಬಿ, ಬರದಿದ್ದರೆ ಓದುವ ಮಗಳ ಕೈಯಲ್ಲಿ ತುಂಬಿಸಿ. ಹೊರಡುವ ದಿನ ಅಡ್ವಾನ್ಸ್ ಲೆಕ್ಕ ಹಾಕಿ ಪೂರ್ತಿ ವಾಪಸ್ ಕೊಡಿ. ಹಬ್ಬದ ದಿನ ಒಬ್ಬಟ್ಟು ಮಾಡಿದರೆ ಮೇಲಿನ ಮನೆಗೂ ಎರಡು ಕಳಿಸಿ.

ಅಷ್ಟು ಮಾಡಲಾಗದವರು ತಮ್ಮ ಮಗಳನ್ನು ಜರ್ಮನಿಗೋ ಕೆನಡಾಕ್ಕೋ ಕಳಿಸುವಾಗ ‘ಅಲ್ಲಿಯ ಜನ ಒಳ್ಳೆಯವರಿರಲಿ’ ಎಂದು ಯಾವ ದೇವರಿಗೂ ಕೈ ಮುಗಿಯಬೇಡಿ. ನೀವು ಕೊಡದೇ ಇದ್ದುದನ್ನು ಬೇರೆಯವರ ಹತ್ತಿರ ಕೇಳುವ ಹಕ್ಕು ನಿಮಗಿಲ್ಲ.